ಮಡಿವಾಳದಲ್ಲಿ ಒಂದು ಚುಕ್ಕೆ ರಕ್ತದ ಲೆಕ್ಕ

ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬೆಂಗಳೂರಿನ ಬಿಟಿಎಂ ಲೇಔಟ್ ಆಯಿತು. ಆ ಮಡಿವಾಳದಲ್ಲೇ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಪೊಲೀಸರ ಬಾಯಲ್ಲಿ ಅದು ಎಫ್‌ಎಸ್‌ಎಲ್. ಅದರ ಡಿಎನ್‌ಎ ವಿಭಾಗಕ್ಕೆ ಬರುವ ಸಾಕ್ಷ್ಯ ಎಷ್ಟೋ ಸಲ ಬಟ್ಟೆಯ ಮೇಲಿನ ಒಂದು ಚುಕ್ಕೆ ರಕ್ತ, ಅಷ್ಟೇ. ಆ ಚುಕ್ಕೆಯೊಳಗೆ ಏನಿದೆ ಎಂದು ಎಣಿಸಲು ಕೂತರೆ ತಲೆ ತಿರುಗುತ್ತದೆ.

ಒಂದು ಘನ ಮಿಲಿಮೀಟರ್ ರಕ್ತವೆಂದರೆ ಸಾಸಿವೆ ಕಾಳಿಗಿಂತ ಚಿಕ್ಕದು. ಅದರಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. ಆದರೆ ಬಲಿತ ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಅದರ ಡಿಎನ್‌ಎಯೂ ಇಲ್ಲ. ಗುರುತು ಹೇಳುವುದು ನಡುನಡುವೆ ಇರುವ ನಾಲ್ಕರಿಂದ ಹನ್ನೊಂದು ಸಾವಿರ ಬಿಳಿ ಕಣಗಳು. ಒಂದೊಂದರಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಸುತ್ತಿಕೊಂಡು ಕೂತಿರುತ್ತದೆ. 7,000 ಕಣ ಎಂದಿಟ್ಟುಕೊಳ್ಳಿ, 14 ಕಿಲೋಮೀಟರ್ ಎಳೆಯಾಯಿತು: ಮಡಿವಾಳದಿಂದ ಹೆಬ್ಬಾಳದ ಮೇಲ್ಸೇತುವೆಗೆ ನೇರ ಗೆರೆ ಎಳೆದರೆ ಹೆಚ್ಚುಕಡಿಮೆ ಇಷ್ಟೇ ದೂರ.

ಪರೀಕ್ಷೆಗೆ ಒಂದು ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು ಸಾಕು. 150 ಕಣಗಳಷ್ಟು ಡಿಎನ್‌ಎ ಅದು. ಓದಲು ಅದೂ ಕಡಿಮೆಯೇ, ಆದ್ದರಿಂದ ಬೇಕಾದ ತುಣುಕುಗಳನ್ನು ಬೆಳೆಸುತ್ತಾರೆ. 95 ಡಿಗ್ರಿಗೆ ಕಾಯಿಸಿದರೆ ಜೋಡಿ ಎಳೆ ಬಿಡಿಯಾಗುತ್ತದೆ. ತಣಿಸಿದರೆ ಪ್ರತಿ ಎಳೆಯ ಪಕ್ಕದಲ್ಲೂ ಹೊಸದೊಂದು ಹುಟ್ಟುತ್ತದೆ. ಸುತ್ತಿಗೊಮ್ಮೆ ಇಮ್ಮಡಿ. ಎಲ್ಲವೂ ಸರಿಯಾಗಿ ನಡೆದರೆ 28 ಸುತ್ತಿನಲ್ಲಿ ಒಂದು ತುಣುಕು 26,84,35,456 ಆಗುತ್ತದೆ. ಅಷ್ಟಕ್ಕೆ ಕೆಲವೇ ಗಂಟೆ ಸಾಕು.

ಡಿಎನ್‌ಎಯ ಒಂದು ಪೂರ್ತಿ ಪ್ರತಿಯ 320 ಕೋಟಿ ಅಕ್ಷರಗಳನ್ನೂ ಯಾರೂ ಓದುವುದಿಲ್ಲ. ನಾಲ್ಕಕ್ಷರದ ಒಂದು ಪದ ಬೆನ್ನುಬೆನ್ನಿಗೆ ಮರುಕಳಿಸುವ ಇಪ್ಪತ್ತರಷ್ಟು ಜಾಗಗಳನ್ನು ಆರಿಸಿ, ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸುತ್ತಾರೆ: ತಾಯಿಯಿಂದ ಬಂದದ್ದೊಂದು ಎಣಿಕೆ, ತಂದೆಯಿಂದ ಬಂದದ್ದೊಂದು. ಒಂದು ಜಾಗದ ಜೋಡಿ ಹತ್ತು ಜನರಲ್ಲಿ ಒಬ್ಬರಿಗೆ ಹೊಂದುತ್ತದೆ ಎಂದು ಹಿಡಿದರೂ, ಇಪ್ಪತ್ತೂ ಹೊಂದುವ ಅಪರಿಚಿತ ಸಿಗುವುದು 1ರ ಮುಂದೆ 20 ಸೊನ್ನೆ ಬರೆದಷ್ಟು ಜನರಲ್ಲಿ ಒಬ್ಬ. ಭೂಮಿಯ ಮೇಲಿರುವವರು ಸುಮಾರು 800 ಕೋಟಿ. ಇಂಥ 1,250 ಕೋಟಿ ಭೂಮಿಗಳನ್ನು ಜಾಲಾಡಬೇಕು! ಒಡಹುಟ್ಟಿದವರಲ್ಲಿ ಹೊಂದಿಕೆ ಹೆಚ್ಚು. ತದ್ರೂಪಿ ಅವಳಿಗಳ ಮುಂದೆ ಈ ಲೆಕ್ಕ ಪೂರ್ತಿ ಸೋಲುತ್ತದೆ.

ತಾನು ತಪ್ಪಾಗುವ ಸಾಧ್ಯತೆಯನ್ನು ತಾನೇ ಲೆಕ್ಕ ಹಾಕಿ ನ್ಯಾಯಾಲಯದ ಮುಂದಿಡುವ ಸಾಕ್ಷ್ಯ ಇದು. ಹಾಗಾಗಿಯೇ ನನಗೆ ಇದರ ಮೇಲೆ ಇಷ್ಟು ಗೌರವ. ಬೆಂಗಳೂರಿನ ಇದೇ ಪ್ರಯೋಗಾಲಯ ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಮದ್ದು ಕೊಟ್ಟು ಆಡಿಸಿದ ಮಾತಿಗೆ ಇಂಥ ಲೆಕ್ಕವೇ ಇಲ್ಲ. 2010ರ ಮೇ 5ರಂದು ಸುಪ್ರೀಂ ಕೋರ್ಟ್ ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ, ಒಪ್ಪಿಗೆಯಿಲ್ಲದೆ ಆ ಪರೀಕ್ಷೆಯನ್ನು ಯಾರ ಮೇಲೂ ಹೇರಬಾರದು ಎಂದಿತು. ಆ ತೀರ್ಪು ಸರಿ.

ಆದರೂ ಇಪ್ಪತ್ತು ಸೊನ್ನೆ ಹೇಳುವುದು ರಕ್ತ ಯಾರದು ಎಂಬುದನ್ನು ಮಾತ್ರ. ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಎಂಬುದನ್ನಲ್ಲ. ಸ್ಥಳಕ್ಕೆ ಹೋದವರು ಬರಿಗೈಯಲ್ಲಿ ಮುಟ್ಟಿದರೆ ಅವರ ಡಿಎನ್‌ಎಯೂ ಅದೇ 28 ಸುತ್ತಿನಲ್ಲಿ ಕೋಟಿಯಾಗಿ ಬೆಳೆಯುತ್ತದೆ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬ್ಯಾಕ್ಟೀರಿಯಾ ಸಾಕ್ಷ್ಯವನ್ನೇ ತಿಂದುಹಾಕುತ್ತವೆ. ಒಣಗಿಸಿ ಕಾಗದದ ಕವರಿಗೆ ಹಾಕಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಅಪರಾಧ ಪ್ರಕ್ರಿಯಾ ಸಂಹಿತೆಯ 176ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರೇ ಸ್ಥಳಕ್ಕೆ ಹೋಗಬೇಕು. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಅಷ್ಟರೊಳಗೆ ಮಡಿವಾಳಕ್ಕೂ ಜಿಲ್ಲೆಗಳಿಗೂ ತಜ್ಞರನ್ನು ಕೊಡುವುದು ಸರ್ಕಾರದ ಕೆಲಸ.