ಕೂಸಿನ ಮನೆಯವರೆಗೆ ಬಂದ ದಾರಿ

ಕೆರೆ ಹೂಳೆತ್ತುವ ಕೆಲಸಕ್ಕೆ ಬಂದ ತಾಯಿ ಮೊದಲು ನೆರಳು ಹುಡುಕುತ್ತಾಳೆ. ಜಾಲಿಮರಕ್ಕೆ ಹಳೆ ಸೀರೆ ಕಟ್ಟಿ ಜೋಲಿ ಮಾಡಿ ಕೂಸನ್ನು ಮಲಗಿಸುತ್ತಾಳೆ. ತೂಗಲು ಏಳೆಂಟು ವರ್ಷದ ಮಗಳನ್ನು ಕೂರಿಸಿ ಮಣ್ಣು ಹೊರಲು ಹೋಗುತ್ತಾಳೆ. ಆ ಹುಡುಗಿಗೆ ಅಂದು ಶಾಲೆ ಇಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ (ನರೇಗಾ) ಬರೆದವರಿಗೆ ಇದು ಗೊತ್ತಿತ್ತು. ಆರು ವರ್ಷದೊಳಗಿನ ಐದು ಮಕ್ಕಳು ಕೆಲಸದ ಜಾಗದಲ್ಲಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಬಿಟ್ಟು, ಅವಳಿಗೂ ಕೂಲಿ ಕೊಡಬೇಕು ಎಂದು ಅದರಲ್ಲಿ ಬರೆದರು. ನಾಲ್ಕೇ ಮಕ್ಕಳಿದ್ದರೆ ಕೊಡಬೇಕಾಗಿರಲಿಲ್ಲ.

ಮಕ್ಕಳ ಪಾಲನೆ ನಮ್ಮ ಕಾನೂನಿಗೆ ಬಂದದ್ದೇ ತಲೆ ಎಣಿಕೆಯ ಮೂಲಕ. 1948ರ ಕಾರ್ಖಾನೆ ಕಾಯ್ದೆಯಲ್ಲಿ 50ಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಉದ್ದೇಶ ಒಳ್ಳೆಯದೇ. ಆದರೆ ಹೆಂಗಸರನ್ನು ಮಾತ್ರ ಎಣಿಸಿದ್ದರಿಂದ ಮಗುವಿನ ಖರ್ಚು ಅವರ ತಲೆಗೇ ಕಟ್ಟಿದಂತಾಯಿತು. ಗಂಡು, ಹೆಣ್ಣು ಎನ್ನದೆ 50 ಉದ್ಯೋಗಿಗಳನ್ನು ಎಣಿಸುವ ನಿಯಮ ಬರಲು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಕಾರ್ಖಾನೆಯೇ ಇಲ್ಲದ ಕಡೆ? 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಕಟ್ಟಡ ಕೆಲಸ ನಡೆಯುವಲ್ಲಿ, ದೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಮಕ್ಕಳನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿದರು. 'ಮೊಬೈಲ್ ಕ್ರೆಶಸ್' ಸಂಸ್ಥೆ ಹುಟ್ಟಿದ್ದು ಹಾಗೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾಯಿತು. ನಮ್ಮ ತಿರುಮಕೂಡಲು ನರಸೀಪುರ ಅವುಗಳಲ್ಲಿ ಒಂದು. ಅಂಗನವಾಡಿಯಲ್ಲಿ ದಿನಾ ಬಂದು ಕೂರುವುದು ಮೂರು ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕವರ ಪಾಲಿನ ಆಹಾರ ಪೊಟ್ಟಣವಾಗಿ ಮನೆಗೆ ಹೋಗುತ್ತದೆ.

ನನ್ನ ತಕರಾರು ಇಲ್ಲೇ ಇದೆ. ಹೆರಿಗೆ ರಜೆ 26 ವಾರ. ಅಂಗನವಾಡಿ ಬಾಗಿಲು ತೆರೆಯುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ ಮಗು ಯಾರ ಹತ್ತಿರ ಇರಬೇಕು? ಅತ್ತೆಯೋ ಅಮ್ಮನೋ ಜೊತೆಗಿದ್ದರೆ ಸರಿ. ಊರು ಬಿಟ್ಟು ಪೀಣ್ಯದ ಗಾರ್ಮೆಂಟ್ಸ್‌ಗೆ ಬಂದವಳಿಗೆ ಅದೂ ಇಲ್ಲ. ಕಾರ್ಖಾನೆಯಲ್ಲಿ ಕೇಂದ್ರವಿದ್ದರೂ, ಕಾಲಿಡಲು ಜಾಗವಿಲ್ಲದ ಬೆಳಗಿನ ಬಸ್ಸಿನಲ್ಲಿ ವರ್ಷದ ಕೂಸನ್ನು ಸೊಂಟದ ಮೇಲೆ ಹೊತ್ತು ತರುವುದು ಹೇಗೆ? ಅವಳು ಕೆಲಸ ಬಿಡುತ್ತಾಳೆ. ಐದು ವರ್ಷ ಸತತ ದುಡಿದವರಿಗೆ ಸಿಗುವ ಗ್ರಾಚ್ಯುಟಿ ನಾಲ್ಕನೇ ವರ್ಷಕ್ಕೆ ಬಿಟ್ಟವಳಿಗೆ ಸಿಗುವುದಿಲ್ಲ. ಮತ್ತೆ ಸೇರಿದಾಗ ಅವಳು ಹೊಸಬಳು.

2023ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿದ್ದು ಈ ಕಾರಣಕ್ಕೇ ನನಗೆ ದೊಡ್ಡ ಹೆಜ್ಜೆಯಾಗಿ ಕಾಣುತ್ತದೆ. ಅದು ಬಂದದ್ದು ಮೂರು ವರ್ಷದೊಳಗಿನವರಿಗಾಗಿ, ಅದೂ ಊರೊಳಗೇ. ಮಕ್ಕಳನ್ನು ನೋಡಿಕೊಳ್ಳಲು ಅದೇ ಊರಿನ ಜಾಬ್ ಕಾರ್ಡ್ ಇದ್ದ ಹೆಂಗಸರಿಗೆ ತರಬೇತಿ ಕೊಟ್ಟರು. ಅವರಿಗೆ ಸಂಬಳ ನರೇಗಾ ಕೂಲಿಯಿಂದ. ಆದರೆ ಆ ಕೂಲಿಗೆ ಖಾತ್ರಿಯಿದ್ದದ್ದು ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ. ಆ ದಿನಗಳು ಮುಗಿದರೆ ಇನ್ನೊಬ್ಬಾಕೆ ಬರಬೇಕಿತ್ತು. ಕೂಸು ಒಬ್ಬರ ಮಡಿಲಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರೇ ಬದಲಾದರೆ, ಬಿಟ್ಟು ಹೋಗಲು ತಾಯಿಗೆ ಧೈರ್ಯ ಬಾರದು. ನೋಡಿಕೊಳ್ಳುವವಳಿಗೂ ವರ್ಷಪೂರ್ತಿ ಕೆಲಸ, ತಿಂಗಳ ಸಂಬಳ ಬೇಕು.