‘ಇನ್‌ಫ್ಲಾಮೆಬಲ್’: ಡಬ್ಬದ ಮೇಲಿನ ಪದ, ಗೋದಾಮಿನ ಸುರಕ್ಷತೆ

ಥಿನ್ನರ್, ವಾರ್ನಿಷ್, ಸ್ಪಿರಿಟ್, ಅಂಟು ಮುಂತಾದ ಸರಕುಗಳ ಕೆಲವು ಡಬ್ಬಗಳ ಮೇಲೆ ‘ಫ್ಲಾಮೆಬಲ್’ ಎಂದೂ ಇನ್ನು ಕೆಲವುಗಳ ಮೇಲೆ ‘ಇನ್‌ಫ್ಲಾಮೆಬಲ್’ ಎಂದೂ ಮುದ್ರಿತವಾಗಿರುವುದನ್ನು ವರ್ತಕರು ಗಮನಿಸಿರಬಹುದು. ಇವೆರಡನ್ನೂ ಪರಸ್ಪರ ವಿರುದ್ಧ ಪದಗಳೆಂದು ತಿಳಿಯುವವರು ಕಡಿಮೆಯಿಲ್ಲ. ವಾಸ್ತವದಲ್ಲಿ ಎರಡರ ಅರ್ಥವೂ ಒಂದೇ: ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದು. ಎರಡನೆಯ ಪದವನ್ನು ‘ಬೆಂಕಿ ಹೊತ್ತದ’ ಎಂದು ತಪ್ಪಾಗಿ ಓದಿದ ನೌಕರನೊಬ್ಬ ಆ ಡಬ್ಬವನ್ನು ವೆಲ್ಡಿಂಗ್ ನಡೆಯುವ ಮೂಲೆಯಲ್ಲಿ ಇರಿಸಿದರೆ ಆಗಬಹುದಾದ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಗೊಂದಲದ ಮೂಲ

ಇಂಗ್ಲಿಷಿನಲ್ಲಿ ‘ಇನ್’ ಎಂಬ ಪೂರ್ವಪ್ರತ್ಯಯ ಸಾಮಾನ್ಯವಾಗಿ ನಿಷೇಧಾರ್ಥವನ್ನು ಕೊಡುತ್ತದೆ. ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ತಪ್ಪು. ಆದರೆ ಲ್ಯಾಟಿನ್ ಭಾಷೆಯಿಂದ ಬಂದ ಇನ್ನೊಂದು ‘ಇನ್’ ಕೂಡ ಇದೆ. ಅದು ‘ಒಳಗೆ’ ಎಂಬ ಅರ್ಥವನ್ನು ಕೊಡುತ್ತದೆ, ಇಲ್ಲವೆ ಕ್ರಿಯೆಯ ತೀವ್ರತೆಯನ್ನು ಹೆಚ್ಚಿಸುತ್ತದೆ. ‘ಹೊತ್ತಿಸು’ ಎಂಬರ್ಥದ ಲ್ಯಾಟಿನ್ ಧಾತು ‘ಇನ್‌ಫ್ಲಾಮಾರೆ’ಯಿಂದ ‘ಇನ್‌ಫ್ಲಾಮೆಬಲ್’ ಹುಟ್ಟಿದೆ. ಕನ್ನಡದಲ್ಲಿ ‘ಜ್ವಲಿಸು’ ಎಂಬುದಕ್ಕೆ ‘ಪ್ರ’ ಸೇರಿ ‘ಪ್ರಜ್ವಲಿಸು’ ಎಂದಾದಾಗ ಉರಿ ಆರುವುದಿಲ್ಲ, ಹೆಚ್ಚುತ್ತದೆ, ಇಲ್ಲಿಯೂ ಹಾಗೆಯೇ. ವೈದ್ಯರು ಉರಿಯೂತಕ್ಕೆ ಹೇಳುವ ‘ಇನ್‌ಫ್ಲಮೇಷನ್’ ಸಹ ಇದೇ ಮೂಲದ್ದು.

ಬಳಕೆಯಲ್ಲಿ ‘ಇನ್‌ಫ್ಲಾಮೆಬಲ್’ ಹಿರಿಯ ಪದ. 1766ರಲ್ಲಿ ಹೆನ್ರಿ ಕ್ಯಾವೆಂಡಿಷ್ ಜಲಜನಕದ ಗುಣಗಳನ್ನು ವಿವರಿಸಿದಾಗ ಅದನ್ನು ‘ಇನ್‌ಫ್ಲಾಮೆಬಲ್ ಏರ್’ ಎಂದೇ ಕರೆದಿದ್ದನು. ಈ ಪದದಿಂದ ಅಪಾಯವುಂಟಾದೀತೆಂದು 1920ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು ‘ಫ್ಲಾಮೆಬಲ್’ ಪದವನ್ನು ಬಳಸುವಂತೆ ಒತ್ತಾಯಿಸಿತು. 1959ರಲ್ಲಿ ಬ್ರಿಟಿಷ್ ಮಾನಕ ಸಂಸ್ಥೆಯೂ ಇದೇ ನಿಲುವು ತಳೆಯಿತು. 2003ರಲ್ಲಿ ಮೊದಲು ಪ್ರಕಟವಾದ ವಿಶ್ವಸಂಸ್ಥೆಯ ರಾಸಾಯನಿಕ ವರ್ಗೀಕರಣ ಪದ್ಧತಿ, ಅಂದರೆ ಜಿ.ಎಚ್.ಎಸ್., ‘ಫ್ಲಾಮೆಬಲ್’ ಪದವನ್ನೇ ಬಳಸುತ್ತದೆ.

ಭಾರತದ ಕಾನೂನಿನಲ್ಲಿ

ನಮ್ಮ ಕಾನೂನಿನ ಭಾಷೆಯಲ್ಲಿ ಹಳೆಯ ಪದ ಬೇರೂರಿದೆ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 53ನೇ ನಮೂದು ಪೆಟ್ರೋಲಿಯಂ ಜೊತೆಗೆ, ಅಪಾಯಕರವಾಗಿ ‘ಇನ್‌ಫ್ಲಾಮೆಬಲ್’ ಎಂದು ಸಂಸತ್ತು ಘೋಷಿಸುವ ಇತರ ದ್ರವ ಹಾಗೂ ವಸ್ತುಗಳನ್ನು ಹೆಸರಿಸುತ್ತದೆ. 1952ರಲ್ಲಿ ‘ಇನ್‌ಫ್ಲಾಮೆಬಲ್ ಸಬ್‌ಸ್ಟೆನ್ಸಸ್ ಆಕ್ಟ್’ ಎಂಬ ಹೆಸರಿನಲ್ಲೇ ಒಂದು ಅಧಿನಿಯಮ ಬಂದಿತು. 1948ರ ಕಾರ್ಖಾನೆಗಳ ಅಧಿನಿಯಮದ 37ನೇ ಪ್ರಕರಣದ ಶೀರ್ಷಿಕೆಯಲ್ಲಿಯೂ ಇದೇ ಪದವನ್ನು ಬಳಸಲಾಗಿತ್ತು. ಹೀಗಾಗಿ ಕಾನೂನಿನ ಪುಸ್ತಕದಲ್ಲಿ ಒಂದು ಪದ, ಆಮದು ಸರಕಿನ ಲೇಬಲ್ಲಿನಲ್ಲಿ ಇನ್ನೊಂದು ಪದ ಎದುರಾಗುತ್ತದೆ. ಎರಡಕ್ಕೂ ಎಚ್ಚರಿಕೆ ಒಂದೇ ಎಂಬುದನ್ನು ಉದ್ದಿಮೆದಾರರು ಮರೆಯಬಾರದು.

ಅಳೆಯುವುದು ಹೇಗೆ?

ದ್ರವವೊಂದು ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ‘ಫ್ಲಾಷ್ ಪಾಯಿಂಟ್’ ತಿಳಿಸುತ್ತದೆ. ದ್ರವದಿಂದ ಏಳುವ ಆವಿಯು ಕಿಡಿ ತಗುಲಿದೊಡನೆ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಉಷ್ಣತೆ ಇದು. ಎಥೆನಾಲ್‌ಗೆ ಇದು ಸುಮಾರು 13 ಡಿಗ್ರಿ, ಟೊಲೀನ್‌ಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್. ಅಸಿಟೋನ್‌ಗೆ ಸೊನ್ನೆಗಿಂತಲೂ ಬಹಳ ಕೆಳಗೆ. ಎಂದರೆ ನಮ್ಮ ಊರುಗಳ ಸಾಮಾನ್ಯ ಹವೆಯಲ್ಲಿ ಇವುಗಳ ತೆರೆದ ಡಬ್ಬಕ್ಕೆ ಒಂದು ಕಿಡಿಯಷ್ಟೇ ಸಾಕು. 1934ರ ಪೆಟ್ರೋಲಿಯಂ ಅಧಿನಿಯಮದ ವರ್ಗೀಕರಣಕ್ಕೂ ಇದೇ ಆಧಾರ: 23 ಡಿಗ್ರಿಗಿಂತ ಕೆಳಗಿನವು ‘ಎ’ ವರ್ಗ, 23ರಿಂದ 65ರೊಳಗಿನವು ‘ಬಿ’, 65ರಿಂದ 93ರೊಳಗಿನವು ‘ಸಿ’.

‘ಕಂಬಸ್ಟಿಬಲ್’ ಎಂಬ ಮತ್ತೊಂದು ಪದವೂ ಬಳಕೆಯಲ್ಲಿದೆ. ದ್ರವಗಳ ವಿಷಯದಲ್ಲಿ ಇದು ಹೆಚ್ಚು ಬಿಸಿಯಾದ ಮೇಲೆ ಹೊತ್ತಿಕೊಳ್ಳುವಂಥದನ್ನು ಸೂಚಿಸುತ್ತದೆ. ಇದೂ ಸುರಕ್ಷಿತ ಎಂಬರ್ಥದ ಪದವಲ್ಲ. ಬೆಂಕಿ ಹೊತ್ತದ ವಸ್ತುವಿಗೆ ಸಲ್ಲುವ ಪದ ‘ನಾನ್-ಫ್ಲಾಮೆಬಲ್’ ಮಾತ್ರ.

‘ಖಾಲಿ’ ಪೀಪಾಯಿಯ ಪಾಠ

ಪದಗಳು ನಡವಳಿಕೆಯನ್ನು ಹೇಗೆ ದಾರಿ ತಪ್ಪಿಸುತ್ತವೆ ಎಂಬುದನ್ನು ಅಮೆರಿಕದ ಭಾಷಾವಿಜ್ಞಾನಿ ಬೆಂಜಮಿನ್ ಲೀ ವೋರ್ಫ್ ವಿವರಿಸಿದ್ದಾರೆ. ಅವರು ವೃತ್ತಿಯಿಂದ ಅಗ್ನಿ ವಿಮಾ ಸಂಸ್ಥೆಯೊಂದರ ತಪಾಸಣಾ ಎಂಜಿನಿಯರ್. ಪೆಟ್ರೋಲ್ ತುಂಬಿದ ಪೀಪಾಯಿಗಳ ಬಳಿ ಜನ ಎಚ್ಚರದಿಂದಿರುತ್ತಾರೆ, ‘ಖಾಲಿ’ ಪೀಪಾಯಿಗಳ ಬಳಿ ಬೀಡಿ ಸಿಗರೇಟು ಸೇದುವಷ್ಟು ಉದಾಸೀನರಾಗುತ್ತಾರೆ ಎಂಬುದನ್ನು ಅವರು ಗುರುತಿಸಿದರು. ಖಾಲಿ ಪೀಪಾಯಿಯಲ್ಲಿ ಉಳಿದ ಆವಿ ಸ್ಫೋಟಕ್ಕೆ ಕಾರಣವಾಗಬಲ್ಲದು. ಬಳಸಿದ ಪೀಪಾಯಿಗಳನ್ನು ಕೊಂಡು, ಕತ್ತರಿಸಿ, ಬೆಸುಗೆ ಹಾಕಿಸುವ ನಮ್ಮ ಸಣ್ಣ ಘಟಕಗಳಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಆವಿಯನ್ನು ಸಂಪೂರ್ಣ ಹೊರಹಾಕದೆ ಅಂಥ ಪೀಪಾಯಿಗೆ ಗ್ಯಾಸ್ ಕಟಿಂಗ್ ಜ್ವಾಲೆ ತಾಗಿಸಲೇಬಾರದು.

ಪಾಲಿಸಬೇಕಾದ ಕ್ರಮಗಳು

1. ಸ್ವಂತ ಉತ್ಪನ್ನದ ಲೇಬಲ್ ಮುದ್ರಿಸುವಾಗ ‘ಫ್ಲಾಮೆಬಲ್’ ಎಂಬುದನ್ನೇ ಬಳಸುವುದು. ಅದರೊಂದಿಗೆ ಜ್ವಾಲೆಯ ಚಿಹ್ನೆಯನ್ನು ಮುದ್ರಿಸುವುದು. ಕಾನೂನು ನಿರ್ದಿಷ್ಟ ಪದವನ್ನು ವಿಧಿಸಿದ್ದಲ್ಲಿ ಅದನ್ನು ಯಥಾವತ್ತಾಗಿ ಉಳಿಸುವುದು.

2. ಕಾರ್ಮಿಕರಿಗಾಗಿ ‘ಬೆಂಕಿ ಹೊತ್ತಿಕೊಳ್ಳುತ್ತದೆ, ಕಿಡಿ ತಾಗಿಸಬೇಡಿ’ ಎಂದು ಕನ್ನಡದಲ್ಲಿ ದಪ್ಪಕ್ಷರಗಳಲ್ಲಿ ಬರೆಸುವುದು. ‘ದಹನಶೀಲ’ ಎಂಬ ಗ್ರಾಂಥಿಕ ಪದವೊಂದನ್ನೇ ಬರೆದರೆ ಓದುವವನಿಗೆ ಇಂಗ್ಲಿಷಿನಷ್ಟೇ ದೂರವಾಗಬಹುದು.

3. ಸರಬರಾಜುದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಪಡೆದು, ಅದರ 9ನೇ ವಿಭಾಗದಲ್ಲಿ ಫ್ಲಾಷ್ ಪಾಯಿಂಟ್ ನೋಡಿಕೊಳ್ಳುವುದು.

4. ಅಗ್ನಿ ವಿಮೆಯ ಅರ್ಜಿಯಲ್ಲಿ ದಾಸ್ತಾನಿನ ಸ್ವರೂಪವನ್ನು ಸರಿಯಾಗಿ ನಮೂದಿಸುವುದು. ಪದವನ್ನು ತಪ್ಪಾಗಿ ತಿಳಿದು ‘ಅಪಾಯರಹಿತ ಸರಕು’ ಎಂದು ಬರೆದರೆ, ನಷ್ಟವಾದಾಗ ತಪ್ಪು ವಿವರಣೆಯ ಕಾರಣದಿಂದ ಪರಿಹಾರ ನಿರಾಕರಣೆಯಾಗಬಹುದು.

ಹೊಸದಾಗಿ ಕೆಲಸಕ್ಕೆ ಸೇರಿದ ನೌಕರನಿಗೆ ಮಾಲೀಕರು ಮೊದಲ ದಿನವೇ ಡಬ್ಬದ ಮೇಲಿನ ಈ ಎರಡು ಪದಗಳನ್ನು ತೋರಿಸಿ ಅರ್ಥ ತಿಳಿಸುವುದು ಒಳಿತು. ಅದಕ್ಕೆ ಎರಡು ನಿಮಿಷವೂ ಬೇಕಾಗದು, ಖರ್ಚಂತೂ ಏನೂ ಇಲ್ಲ.