ತೋಟೆಯ ಅಂಚು, ಹೆಬ್ಬೆರಳಿನ ಒತ್ತು

ನೀವು ಈಗ ಕೈಯಲ್ಲಿ ಹಿಡಿದಿರುವುದೂ ಮ್ಯಾಗಜೀನೇ, ಸಿಪಾಯಿಯ ರೈಫಲಿನ ಹೊಟ್ಟೆಯ ಕೆಳಗಿರುವುದೂ ಮ್ಯಾಗಜೀನೇ. ಎರಡೂ ಅರಬ್ಬಿಯ ಒಂದೇ ಮಾತಿನಿಂದ ಹುಟ್ಟಿದವು. ಅದರ ಅರ್ಥ ಉಗ್ರಾಣ. 1731ರಲ್ಲಿ ಲಂಡನ್ನಿನ ಒಂದು ಪತ್ರಿಕೆ ತನ್ನನ್ನು ಮ್ಯಾಗಜೀನ್ ಎಂದು ಕರೆದುಕೊಂಡ ಮೇಲೆ ಬರಹದ ಉಗ್ರಾಣಕ್ಕೂ ಆ ಹೆಸರು ನಿಂತಿತು. ನಾವು ಇಲ್ಲಿ ಹೇಳಹೊರಟಿರುವುದು ತೋಟೆಯ ಉಗ್ರಾಣದ ಮಾತು. ಅದನ್ನು ತುಂಬುವಾಗ ಎದುರಾಗುವ ತೊಡಕಿನ ಮಾತು.

ಊರ ಪೊಲೀಸ್ ಠಾಣೆಯ ಮುಂದೆ, ಬ್ಯಾಂಕಿನ ಬಾಗಿಲಲ್ಲಿ, ಚುನಾವಣೆಯ ಕಟ್ಟೆಯ ಬಳಿ ನಿಂತಿರುತ್ತಿದ್ದ ಉದ್ದನೆಯ ಮರದ ರೈಫಲನ್ನು ನೋಡದವರು ವಿರಳ. ಅದೇ ತ್ರೀ ನಾಟ್ ತ್ರೀ. ಅದರ ನಳಿಗೆಯ ಒಳವ್ಯಾಸ .303 ಅಂಗುಲ, ಎಂದರೆ ಸುಮಾರು 7.7 ಮಿಲಿಮೀಟರು. ಮ್ಯಾಗಜೀನಿನಲ್ಲಿ 10 ತೋಟೆ ಹಿಡಿಯುತ್ತದೆ. ಅವನ್ನು ಒಂದೊಂದಾಗಿ ತುಂಬುತ್ತ ಕೂತರೆ ಎದುರಿನವನು ಕಾಯುವನೆ? ಆದುದರಿಂದ ಐದೈದು ತೋಟೆಗಳ ಬುಡವನ್ನು ಉಕ್ಕಿನ ತೆಳುಪಟ್ಟಿಯೊಂದರಲ್ಲಿ ಸಿಕ್ಕಿಸಿ ಕೊಡುವುದು ರೂಢಿ. ನಮ್ಮ ಸೇನೆಯಲ್ಲೂ ಎನ್.ಸಿ.ಸಿ.ಯಲ್ಲೂ ಅದಕ್ಕೆ ಚಾರ್ಜರ್ ಕ್ಲಿಪ್ ಎನ್ನುತ್ತಾರೆ. ಬೋಲ್ಟನ್ನು ಹಿಂದಕ್ಕೆಳೆದು, ಮೇಲಿನ ಗಾಡಿಯಲ್ಲಿ ಕ್ಲಿಪ್ಪನ್ನು ನಿಲ್ಲಿಸಿ, ಹೆಬ್ಬೆರಳಿನಿಂದ ಒಂದೇ ಒತ್ತು ಒತ್ತಿದರೆ ಐದೂ ತೋಟೆ ಒಳಗಿಳಿಯಬೇಕು. ಇಳಿಯಬೇಕು, ಆದರೆ ಎಷ್ಟೋ ಸಲ ಇಳಿಯುವುದಿಲ್ಲ.

ಇದರ ಮೂಲ ಒಂದು ಮಿಲಿಮೀಟರಿನಲ್ಲಿದೆ. .303 ತೋಟೆಯ ಬುಡಕ್ಕೆ ಬಳೆಯಂಥ ಅಂಚುಂಟು; ಅದು ತೋಟೆಯ ಮೈಗಿಂತ ಸುತ್ತಲೂ ಸುಮಾರು ಒಂದು ಮಿಲಿಮೀಟರು ಹೊರಕ್ಕೆ ಚಾಚಿರುತ್ತದೆ. ಬ್ರಿಟಿಷರು ಈ ಅಳತೆಯನ್ನು 1888ರಲ್ಲಿ ಒಪ್ಪಿಕೊಂಡಾಗ ಕ್ಲಿಪ್ಪಿನ ಯೋಚನೆಯೇ ಅವರಿಗಿರಲಿಲ್ಲ. 1899ರಿಂದ 1902ರ ತನಕ ದಕ್ಷಿಣ ಆಫ್ರಿಕದಲ್ಲಿ ಬೋಯರ್ ರೈತರು ಜರ್ಮನಿಯ ಮೌಸರ್ ರೈಫಲುಗಳನ್ನು ಹಿಡಿದು, ಐದೈದು ತೋಟೆಗಳನ್ನು ಒಂದೇ ಒತ್ತಿಗೆ ತುಂಬುತ್ತ ಹೋರಾಡಿದಾಗ ಇವರಿಗೆ ಕಣ್ಣು ತೆರೆಯಿತು. ಮೌಸರ್ ತೋಟೆಗೆ ಹೊರಚಾಚಿದ ಅಂಚಿಲ್ಲ, ನುಣ್ಣಗೆ ಜಾರುತ್ತದೆ. ಬ್ರಿಟಿಷರು ಮುಂದೆ ಬಂದ ಲೀ-ಎನ್‌ಫೀಲ್ಡ್ ರೈಫಲುಗಳಿಗೆ ಕ್ಲಿಪ್ಪಿನ ಗಾಡಿಯನ್ನು ಸೇರಿಸಿದರೇ ಹೊರತು ತೋಟೆಯನ್ನು ಬದಲಿಸಲಿಲ್ಲ. ಹಳೆಯ ಮನೆಗೆ ಹೊಸ ಬಾಗಿಲು ಇಟ್ಟ ಹಾಗಾಯಿತು.

ಅಂಚಿನ ತೊಡಕು ಹೀಗೆ. ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತಿತೆನ್ನಿ. ಬೋಲ್ಟು ಮೇಲಿನದನ್ನು ಮುಂದಕ್ಕೆ ನೂಕಿದಾಗ ಅದು ಕೆಳಗಿನದನ್ನೂ ಕೊಂಡಿಹಾಕಿ ಎಳೆಯುತ್ತದೆ, ಎರಡೂ ನಿಂತುಬಿಡುತ್ತವೆ. ಆಗ ಹೊಸಬನು ಮಾಡುವುದು ಬೋಲ್ಟನ್ನು ಇನ್ನೂ ಜೋರಾಗಿ ನೂಕುವುದು. ಅದರಿಂದ ಕೊಂಡಿ ಬಿಗಿಯುವುದೇ ಸರಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಬೋಲ್ಟನ್ನು ಹಿಂದಕ್ಕೆಳೆದು, ಮೇಲಿನ ತೋಟೆಯನ್ನು ಹೆಬ್ಬೆರಳಿನಿಂದ ತುಸು ಅದುಮಿ ಅದರ ಅಂಚು ಕೆಳಗಿನದರ ಮುಂದೆ ಬರುವಂತೆ ಸರಿಸಿದರೆ ಗಂಟು ತಾನಾಗಿ ಬಿಚ್ಚುತ್ತದೆ. ಬಿಡಿ ತೋಟೆ ತುಂಬುವಾಗಲೂ ಇದೇ ನಿಯಮ: ಹೊಸದರ ಅಂಚು ಯಾವಾಗಲೂ ಹಳೆಯದರ ಮುಂದೆ.

ಕ್ಲಿಪ್ಪಿನಲ್ಲಾದರೆ ಕ್ರಮ ಬೇರೆ. ಒಂದು, ಮೂರು, ಐದನೆಯ ತೋಟೆಗಳ ಅಂಚು ಪಟ್ಟಿಯ ತಳಕ್ಕೆ ತಾಗಿರಬೇಕು. ಎರಡು, ನಾಲ್ಕನೆಯವು ಅವುಗಳ ಅಂಚಿನ ಮೇಲೆ ಕೂತಿರಬೇಕು. ಹೀಗೆ ಜೋಡಿಸಿದ ಕ್ಲಿಪ್ಪಿಗೆ ಮೇಲು ಕೆಳಗು ಎಂಬುದಿಲ್ಲ. ಯಾವ ತುದಿಯನ್ನು ಕೆಳಗೆ ಮಾಡಿದರೂ ನಡೆಯುತ್ತದೆ. ಗಡಿಬಿಡಿಯ ಹೊತ್ತಿನಲ್ಲಿ ಇದು ಸಣ್ಣ ಉಪಕಾರವಲ್ಲ. ಕಾರ್ಖಾನೆಯಿಂದ ಬಟ್ಟೆಯ ಪಟ್ಟಿಯಲ್ಲಿ 50 ತೋಟೆ, ಐದು ಜೇಬಿನಲ್ಲಿ ಎರಡೆರಡು ಕ್ಲಿಪ್ಪಾಗಿ ಬರುವಾಗ ಜೋಡಣೆ ಸರಿಯಾಗಿಯೇ ಇರುತ್ತದೆ. ಬಳಸಿದ ಕ್ಲಿಪ್ಪುಗಳನ್ನು ಕೈಯಿಂದ ಮತ್ತೆ ತುಂಬುವಾಗಲೇ ಕ್ರಮ ತಪ್ಪುವುದು.

ಇನ್ನು ಹೆಬ್ಬೆರಳು. ಗುಂಡಿನ ಮೂತಿಯ ಕಡೆ ಒತ್ತಿದರೆ ಮೂತಿ ಕೆಳಗಾಗಿ ಬುಡ ಕ್ಲಿಪ್ಪಿನಲ್ಲೇ ಕಚ್ಚಿಕೊಳ್ಳುತ್ತದೆ. ಕ್ಲಿಪ್ಪಿಗೆ ತಾಗಿದಂತೆ, ಬುಡದ ಹತ್ತಿರ ಒತ್ತಬೇಕು. ಉಳಿದ ನಾಲ್ಕು ಬೆರಳು ಕೆಳಗಿನಿಂದ ರೈಫಲನ್ನು ಹಿಡಿದಿರಲಿ. ತಡೆತಡೆದು ಒತ್ತುವುದಕ್ಕಿಂತ ಒಂದೇ ದಮ್ಮಿನಲ್ಲಿ ಒತ್ತುವುದು ಲೇಸು. ಎರಡನೆಯ ಕ್ಲಿಪ್ಪು ಮೊದಲಿನದಕ್ಕಿಂತ ಗಟ್ಟಿ. ಒಳಗಿನ ಸ್ಪ್ರಿಂಗು ಆಗಲೇ ಅರ್ಧ ಕುಗ್ಗಿರುತ್ತದೆ. ಮೊದಲಿನ ಖಾಲಿ ಪಟ್ಟಿಯನ್ನು ಕೈಯಿಂದ ತೆಗೆಯಲು ಮರೆತು ಎರಡನೆಯದಕ್ಕೆ ಕೈಹಾಕುವವರೂ ಉಂಟು. ಇಷ್ಟಾದರೂ ಇಳಿಯದಿದ್ದರೆ ದೋಷ ಲೋಹದಲ್ಲಿ: ತುಕ್ಕು ಹಿಡಿದ ಕ್ಲಿಪ್ಪು, ಸೊಟ್ಟಗಾದ ಅಂಚು, ಇಲ್ಲವೆ ಮ್ಯಾಗಜೀನಿನ ತುಟಿ ಮಣಿದಿರುವುದು. ತುಕ್ಕನ್ನು ಬಟ್ಟೆಯಿಂದ ಒರೆಸಬಹುದು. ಸೊಟ್ಟಗಾದುದನ್ನು ಪಕ್ಕಕ್ಕಿಡುವುದೇ ಮೇಲು. ತುಟಿಯನ್ನು ಇಕ್ಕಳ ಹಿಡಿದು ತಿದ್ದುವ ಸಾಹಸವನ್ನು ಆರ್ಮರರ್‌ಗೆ ಬಿಡಬೇಕು. ಮನೆಯ ಮಿಕ್ಸರಿನ ಜಾರನ್ನು ತಟ್ಟಿ ಕೂರಿಸಿದ ಹಾಗಲ್ಲ ಇದು.

ಇದೆಲ್ಲ ಕವಾಯತಿನ ಮೈದಾನದಲ್ಲಿ ಅಷ್ಟು ದೊಡ್ಡ ಸಂಗತಿಯಲ್ಲ. ಆದರೆ 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ, 16,000 ಅಡಿಗೂ ಎತ್ತರದ ಚಳಿಯಲ್ಲಿ, 13ನೆಯ ಕುಮಾವೂಂ ಪಲ್ಟಣದ ಜವಾನರ ಕೈಯಲ್ಲಿದ್ದುದು ಇದೇ ತ್ರೀ ನಾಟ್ ತ್ರೀ. ಪ್ರತಿ ಗುಂಡಿಗೂ ಬೋಲ್ಟನ್ನು ಎಳೆದು ನೂಕಬೇಕು, ಹತ್ತಾದ ಮೇಲೆ ಮತ್ತೆ ಎರಡು ಕ್ಲಿಪ್ಪು. ಮರಗಟ್ಟಿದ ಹೆಬ್ಬೆರಳಿಗೆ ಒಂದು ಮಿಲಿಮೀಟರಿನ ಅಂಚು ಎಂಥ ಬೆಟ್ಟವೆಂಬುದನ್ನು ಊಹಿಸಿಕೊಳ್ಳಬಹುದು. ಆ ಯುದ್ಧದ ನಂತರ ಬಂಗಾಳದ ಇಷಾಪುರದ ಕಾರ್ಖಾನೆಯವರು ಇದೇ ಮಾದರಿಯನ್ನು 7.62 ಮಿಲಿಮೀಟರಿನ, ಹೊರಚಾಚಿದ ಅಂಚಿಲ್ಲದ ತೋಟೆಗೆ ಹೊಂದಿಸಿ ತಯಾರಿಸಿದರು. ಅದರ ಕ್ಲಿಪ್ಪೇ ಬೇರೆ. ಒಂದರದು ಇನ್ನೊಂದಕ್ಕೆ ನಡೆಯದು.

ಆದರೂ ಪೊಲೀಸರ ಕೈಯಲ್ಲಿ ಹಳೆಯದು ಉಳಿಯಿತು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ವೀಟಿ ನಿಲ್ದಾಣದಲ್ಲಿ ಒಂದೊಂದು ಮ್ಯಾಗಜೀನಿಗೆ 30 ತೋಟೆ ಹಿಡಿಯುವ ಎ.ಕೆ. ಮಾದರಿಯ ರೈಫಲುಗಳ ಎದುರು ನಿಂತ ಕಾನ್‌ಸ್ಟೇಬಲ್‌ಗಳ ಬಳಿ ಇದ್ದುದು ಲಾಠಿ ಮತ್ತು ಈ ತ್ರೀ ನಾಟ್ ತ್ರೀ. ಅಲ್ಲಿಂದ ನಿತ್ಯ ಲೋಕಲ್ ಹಿಡಿಯುವ ನಮ್ಮವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯ ದಿನದ ಪರೇಡಿನಲ್ಲಿ ಇದಕ್ಕೆ ಬೀಳ್ಕೊಡುಗೆ ಕೊಟ್ಟರು. ಎನ್.ಸಿ.ಸಿ.ಗೆ ಸೇರಿದ ನಮ್ಮ ಹುಡುಗ ಹುಡುಗಿಯರು ಗುರಿ ಕಲಿಯುವುದು ಹೆಚ್ಚಾಗಿ .22 ರೈಫಲಿನಲ್ಲಿ. ಅದರ ಪುಟ್ಟ ತೋಟೆಗೂ ಅಂಚುಂಟು. ಚಾರ್ಜರ್ ಕ್ಲಿಪ್ಪು ಮಾತ್ರ ಇಲ್ಲ.